ಮೇ ತಿಂಗಳ ಮನೆಗಳು

ತಿಪ್ಪೇಸ್ವಾಮಿ ನಕ್ಕಿದ್ದು ಜೋರಾಗೇನೂ ಅಲ್ಲ. ಚಹಾದ ಲೋಟ ಕೆಳಗಿಟ್ಟು, ಕನ್ನಡಕವನ್ನು ಹಣೆಗೇರಿಸಿ, ಹೆಂಡತಿ ತಂದಿದ್ದ ಬೇಸಿಗೆಯ ಚಿತ್ರದ ಹಾಳೆಯನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿ ಮೂಗಿನಲ್ಲೇ ನಕ್ಕರು. "ಇದು ಬಿಸಿಲು ಕಮ್ಮಿ ಆಗೋದಲ್ಲ ಕಣೇ. ಮುಂದಕ್ಕೆ ಹೋದ ಹಾಗೆ ಬಣ್ಣ ತೆಳ್ಳಗಾಗಿದೆ ಅಂದ್ರೆ ಅವರಿಗೇ ಅಷ್ಟು ಖಾತ್ರಿ ಇಲ್ಲ ಅಂತ. ಬಿಸಿಲು ಇಷ್ಟಾದ್ರೂ ಆಗಬಹುದು, ಅಷ್ಟಾದ್ರೂ ಆಗಬಹುದು. ನಡುವಿನ ಗೆರೆ ನೋಡು, ಮೇಲಕ್ಕೇ ಹೋಗ್ತಿದೆ." ಹಾಳೆಯನ್ನು ಹೀರೇಕಾಯಿಯ ಸಿಪ್ಪೆಗಳ ಪಕ್ಕಕ್ಕೆ ಇಟ್ಟು, "ನೀನು ಆ ಆಫೀಸಿನವರಿಗೆ ಏನಂದೆ? ಅರ್ಥ ಆಯ್ತು ಅಂದ್ಯಾ?" ಎಂದು ಕೇಳಿದರು. ವಿಶಾಲಾಕ್ಷಿ ಹೂಂ ಎಂದಳು. ಹೆರೆಯುವ ಕೈ ನಿಲ್ಲಲಿಲ್ಲ. ನಿಂತರೆ ಅವರಿಗೆ ಇನ್ನೂ ಏನೋ ಗೊತ್ತಾಗಿಬಿಡುತ್ತದೆ ಎನ್ನಿಸಿ ಅವಳು ಹೆರೆಯುತ್ತಲೇ ಹೋದಳು, ಸಿಪ್ಪೆ ಮುಗಿದು ಬಿಳಿ ತಿರುಳು ಬರತೊಡಗಿದರೂ. "ಹೋಗ್ಲಿ ಬಿಡು, ನೀನೊಬ್ಬಳು ತಪ್ಪು ತಿಳ್ಕೊಂಡ್ರೆ ಏನಾಗುತ್ತೆ" ಎಂದು ಅವರು ಪತ್ರಿಕೆ ಬಿಡಿಸಿದರು. ಆ ಮಾತು ಸಮಾಧಾನದ್ದೇ ಆಗಿತ್ತು. ಮೂವತ್ತು ವರ್ಷ ರಕ್ಷಣಾ ಇಲಾಖೆಯ ಕಾರ್ಖಾನೆಯಲ್ಲಿ ನಕ್ಷೆಗಳ ನಡುವೆಯೇ ಇದ್ದ ಮನುಷ್ಯ; ಗೆರೆ ನೋಡುವುದೆಂದರೆ ಅವರಿಗೆ ಅಕ್ಷರ ಓದಿದ ಹಾಗೆ. ಆದರೆ ಆ ಮಾತು ಮುಗಿಯುವ ಮೊದಲೇ ವಿಶಾಲಾಕ್ಷಿಯ ಕಣ್ಣು ಕಿಟಕಿಯಾಚೆ ಹೋಗಿತ್ತು.

ರಸ್ತೆಯ ಆ ಬದಿಯಲ್ಲಿ, ಹಳೆಯ ಬಂಗಲೆಯನ್ನು ಕೆಡವಿದ ಜಾಗದಲ್ಲಿ ಏಳುತ್ತಿದ್ದ ಕಟ್ಟಡದ ಹಸಿರು ಬಲೆಯ ಹಿಂದೆ ದಾನೇಶ್ವರಿ ಇಳಿಜಾರಿನ ಹಲಗೆ ಹತ್ತುತ್ತಿದ್ದಳು. ತಲೆಯ ಮೇಲೆ ಮರಳಿನ ಪುಟ್ಟಿ. ಸೀರೆಯ ಮೇಲೆ ಗಂಡ ಬಸುವಿನ ಹಳೆಯ ಅಂಗಿ ತೊಟ್ಟಿದ್ದರೂ ಬಸುರಿನ ಹೊಟ್ಟೆ ಕಾಣುತ್ತಿತ್ತು. ಹಲಗೆಯ ನಡುವೆ ಒಮ್ಮೆ ನಿಂತಳು, ಮೊಣಕೈಯಿಂದ ಮುಖ ಒರೆಸಿಕೊಂಡಳು, ಮತ್ತೆ ಹತ್ತಿದಳು. ಮಾರ್ಚ್ ತಿಂಗಳು ಶುರುವಾಗಿ ಇನ್ನೂ ವಾರ ಕಳೆದಿಲ್ಲ, ಹೈದರಾಬಾದಿನ ಹಿಮಾಯತ್‌ನಗರದ ಅಂಗಡಿಗಳವರು ಆಗಲೇ ಮುಂದೆ ನೀರು ಚಿಮುಕಿಸತೊಡಗಿದ್ದರು. ಕಳೆದ ವಾರ ದಾನೇಶ್ವರಿಯ ಅತ್ತೆ ಬಂಡೆಮ್ಮ ನೀರಿಗೆಂದು ಅಪಾರ್ಟ್‌ಮೆಂಟಿನ ನಲ್ಲಿಗೆ ಬಂದಾಗ ಕೇಳಿದ್ದಳು: "ಅಕ್ಕಾರ, ನಿಮಗ ಆಫೀಸಿನ್ಯಾರು ಬಿಸಲಿಂದು ಚಾರ್ಟ್ ತೋರಿಸ್ಯಾರಂತಲ್ರಿ? ಈ ಸಲ ಬ್ಯಾಸಗಿ ಹ್ಯಾಂಗ ಅಂತ್ರಿ? ಸೊಸಿನ ಯುಗಾದಿ ಆದ ಮ್ಯಾಲ ತವರಿಗೆ ಕಳಸೂಣೂ, ಇಲ್ಲಾ ಸ್ಲ್ಯಾಬ್ ಮುಗಿಯೂತನ ಇಟ್ಕೊಂಡು ಮೇ ತಿಂಗಳದಾಗ ಕಳಸೂಣೂ, ತಿಳೀವಲ್ದು." ಆಗ ವಿಶಾಲಾಕ್ಷಿಯ ಬೆನ್ನು ತಾನಾಗಿಯೇ ನೆಟ್ಟಗಾಗಿತ್ತು. ಈ ಊರಿಗೆ ಬಂದ ಇಷ್ಟು ವರ್ಷಗಳಲ್ಲಿ ಯಾರೂ ಅವಳನ್ನು ಹೀಗೆ ಒಂದು ವಿಷಯ ಬಲ್ಲವಳೆಂದು ಕೇಳಿರಲಿಲ್ಲ. "ಮೇ ಹೊತ್ತಿಗೆ ಹಗುರ ಆಗುತ್ತಂತೆ ಬಂಡೆಮ್ಮ. ಚಿತ್ರದಲ್ಲೇ ಹಾಕಿದ್ದಾರೆ. ಆವಾಗಲೇ ಕಳಿಸು" ಎಂದಿದ್ದಳು. ಹೇಳುವಾಗ ಆದ ಸುಖ ಈಗ ನಾಲಿಗೆಯ ಮೇಲೆ ಕಹಿ ಹೀರೇಕಾಯಿಯ ಹಾಗೆ ಕೂತಿತ್ತು. ತಪ್ಪಿಗಿಂತ ಆ ಸುಖವೇ ಅವಳನ್ನು ಹೆಚ್ಚು ನಾಚಿಸಿತು.

ಚಪ್ಪಲಿ ಮೆಟ್ಟಿ ಕೆಳಗಿಳಿದಳು. ಬಂಡೆಮ್ಮ ಇಟ್ಟಿಗೆಗಳಿಗೆ ನೀರು ಹಾಕುತ್ತಿದ್ದಳು. ಇವಳನ್ನು ಕಂಡು ಪೈಪು ಬದಿಗೆ ಹಿಡಿದು ನಕ್ಕಳು. "ನೀವು ಹೇಳಿದಂಗ ಮಾಡೀವ್ರಿ ಅಕ್ಕಾರ. ಸೊಸಿ ಮೇ ತನಕಾ ಇರ್ತಾಳಂತ ಮೇಸ್ತ್ರಿಗೂ ಹೇಳೀವಿ." ವಿಶಾಲಾಕ್ಷಿ ಬಾಯಿ ತೆರೆದಳು. ಏನು ಹೇಳುವುದು? ಕಡಿಮೆಯಾಗುವುದಿಲ್ಲ ಎನ್ನುವುದೇ? ಎಷ್ಟಾಗುತ್ತದೆ ಎಂದು ಕೇಳಿದರೆ? ತಿಪ್ಪೇಸ್ವಾಮಿ ಹೇಳಿದ್ದೂ ಅವಳಿಗೆ ಪೂರ್ತಿ ತಿಳಿದಿರಲಿಲ್ಲ. ಅರ್ಧ ತಿಳಿದದ್ದನ್ನು ಮತ್ತೊಮ್ಮೆ ಹೇಳಿ ಮತ್ತೊಮ್ಮೆ ತಪ್ಪಾದರೆ? ಇದು ಎಚ್ಚರವೋ ಅಂಜಿಕೆಯೋ ಎಂದು ಅವಳಿಗೇ ಗೊತ್ತಾಗಲಿಲ್ಲ. "ಸಂಜೆ ಬರ್ತೀನಿ ಬಂಡೆಮ್ಮ, ಸ್ವಲ್ಪ ಮಾತಾಡೋದಿದೆ" ಎಂದಷ್ಟೇ ಹೇಳಿ, ತಿಂಡಿಯನ್ನೂ ತಿನ್ನದೆ, ನಾರಾಯಣಗೂಡದ ಮೆಟ್ರೋ ನಿಲ್ದಾಣದ ಕಡೆಗೆ ನಡೆದಳು. ಅಡುಗೆ ಅರ್ಧಕ್ಕೇ ನಿಂತಿದೆ ಎಂಬುದು ಎಸ್ಕಲೇಟರ್ ಏರಿದ ಮೇಲೆ ನೆನಪಾಯಿತು. ಗಂಡನಿಗೆ ಫೋನು ಮಾಡಿ, ಬೇಗಂಪೇಟೆಗೆ ಹೋಗಿ ಬರುತ್ತೇನೆ, ನಿನ್ನೆಯ ಸಾರಿದೆ ಎಂದಳು. ಯಾಕೆ ಎಂದು ಅವರು ಕೇಳುವಷ್ಟರಲ್ಲಿ ಗಾಡಿ ಬಂತು.

ನಿರೀಕ್ಷಾ, ತಿಪ್ಪೇಸ್ವಾಮಿಯವರ ಹಳೆಯ ಸಹೋದ್ಯೋಗಿಯೊಬ್ಬರ ಮಗಳು. ಬೇಗಂಪೇಟೆಯಲ್ಲಿ ಹವೆಯ ಲೆಕ್ಕಾಚಾರಗಳನ್ನು ಜನರಿಗೆ ತಿಳಿಯುವಂಥ ಚಿತ್ರಗಳನ್ನಾಗಿ ಮಾಡುವ ಒಂದು ಸಣ್ಣ ಸಂಸ್ಥೆಯಲ್ಲಿ ಅವಳ ಕೆಲಸ. ಒಂದು ತಿಂಗಳ ಹಿಂದೆ ಮನೆಗೆ ಬಂದು, "ಆಂಟಿ, ನಮ್ಮ ಚಾರ್ಟ್ ಟೆಸ್ಟ್ ಮಾಡೋಕೆ ಈ ವಿಷಯ ಏನೂ ಗೊತ್ತಿಲ್ಲದವರು ಬೇಕು. ನೀವು ಬರ್ತೀರಾ?" ಎಂದು ಕೇಳಿದ್ದಳು. "ಸರಿಯಾದವರನ್ನೇ ಹಿಡಿದಿದ್ದೀಯ" ಎಂದು ತಿಪ್ಪೇಸ್ವಾಮಿ ನಕ್ಕಿದ್ದರು, ಹುಡುಗಿಯೂ ನಕ್ಕಿದ್ದಳು, ವಿಶಾಲಾಕ್ಷಿಯೂ ಸೇರಿ ನಕ್ಕು ಒಳಗೆ ಹೋಗಿ ಬಾಳೆಹಣ್ಣು ತಂದಿದ್ದಳು. ಏನೂ ಗೊತ್ತಿಲ್ಲದವರು. ಅವರ ಆಫೀಸಿನ ತಣ್ಣನೆಯ ಕೋಣೆಯಲ್ಲಿ ದುಂಡು ಮೇಜಿನ ಮುಂದೆ ಹಾಳೆ ಇಟ್ಟಾಗ ಅವಳಿಗೆ ಗೊತ್ತಿದ್ದದ್ದು ಒಂದೇ, ಆ ಮಾತನ್ನು ಸುಳ್ಳು ಮಾಡಬೇಕು ಎಂಬುದು. ಹಾಳೆ ಚೆನ್ನಾಗಿತ್ತು. ಎಡಕ್ಕೆ ಮಾರ್ಚ್, ಬಲಕ್ಕೆ ಜೂನ್. ಕಡುಗೆಂಪಿನ ಒಂದು ಪಟ್ಟಿ ಎಡದಿಂದ ಹೊರಟು, ಬರಬರುತ್ತ ಬೀಸಣಿಕೆಯ ಹಾಗೆ ಅಗಲವಾಗಿ, ಅಂಚುಗಳಲ್ಲಿ ತಿಳಿ ಕಿತ್ತಳೆಯಾಗಿ, ಕೊನೆಗೆ ನೀರು ಬೆರೆಸಿದ ಕುಂಕುಮದ ಹಾಗೆ ಕರಗಿಹೋಗಿತ್ತು. ಅದರ ಮೇಲೆ ಕನ್ನಡದಲ್ಲಿ ಬರೆದಿದ್ದ ಪದ ಉದ್ದವಾಗಿತ್ತು. ಓದುವ ಕನ್ನಡಕ ಮನೆಯಲ್ಲೇ ಉಳಿದಿತ್ತು. ನಿಶ್ಚಿಂತ ಎಂದೇನೋ ಕಂಡಿತು. ಅಲ್ಲಿಗೆ ಎಲ್ಲ ಕೂಡಿ ಬಂತು. ಕೆಂಪು ಕರಗುತ್ತದೆ, ನಿಶ್ಚಿಂತೆ. "ಅರ್ಥ ಆಯ್ತಾ ಆಂಟಿ?" ಎಂದು ನಿರೀಕ್ಷಾ ಬಾಗಿ ಕೇಳಿದಾಗ ಅವಳ ಮುಖದಲ್ಲಿ ಎಂಥ ಆಸೆ ಇತ್ತೆಂದರೆ, ಇಲ್ಲ ಎನ್ನುವುದು ಬಡಿಸಿದ ಎಲೆಯನ್ನು ತಳ್ಳಿದ ಹಾಗಾಗುತ್ತಿತ್ತು. "ಚೆನ್ನಾಗಿ ಅರ್ಥ ಆಯ್ತು" ಎಂದು ವಿಶಾಲಾಕ್ಷಿ ತಲೆಯಾಡಿಸಿದ್ದಳು. ಹುಡುಗಿ ಒಂದು ಕಡೆ ಗುರುತು ಹಾಕಿಕೊಂಡು, ನೆನಪಿಗೆಂದು ಹಾಳೆಯ ಒಂದು ಪ್ರತಿ ಕೊಟ್ಟಿದ್ದಳು. ಅದು ಅನಿಶ್ಚಿತತೆ ಎಂದು ಓದಿದ್ದು ಇವತ್ತು ಬೆಳಿಗ್ಗೆ, ಗಂಡನ ಬೆರಳಿನ ತುದಿಯಲ್ಲಿ.

ಆ ತಲೆಯಾಡಿಸುವಿಕೆ ಅವಳಿಗೆ ಹೊಸದಲ್ಲ. ಮದುವೆಯಾಗಿ ಚಿತ್ರದುರ್ಗದಿಂದ ಕಾರ್ಖಾನೆಯ ಕ್ವಾರ್ಟರ್ಸಿಗೆ ಬಂದ ಮೊದಲ ವರ್ಷ, ತೆಲುಗೂ ಬಾರದು, ಹಿಂದಿಯೂ ಬಾರದು. ಪಕ್ಕದ ಮನೆಯ ತೆಲುಗು ಹೆಂಗಸು ಗೋಡೆಯ ಮೇಲೆ ಮೊಣಕೈ ಊರಿ ಮಾತಾಡುತ್ತಿದ್ದಳು. ವಿಶಾಲಾಕ್ಷಿ ನಗುತ್ತ ತಲೆಯಾಡಿಸುತ್ತಿದ್ದಳು. ತರಕಾರಿಯವನಿಗೆ, ಬಸ್ಸಿನವನಿಗೆ, ಆಸ್ಪತ್ರೆಯ ನರ್ಸಿಗೆ, ಎಲ್ಲರಿಗೂ ಅದೇ. ಒಂದು ಮಧ್ಯಾಹ್ನ ಆ ಹೆಂಗಸು ಸೆರಗು ಬಾಯಿಗೆ ಒತ್ತಿಕೊಂಡು ಏನೋ ಹೇಳಿದಳು. ಸೆಕೆಯ ವಿಷಯವಿರಬೇಕೆಂದುಕೊಂಡು ವಿಶಾಲಾಕ್ಷಿ ನಕ್ಕು, ಹೌದು ಹೌದು ಎಂದು ತಲೆಯಾಡಿಸಿದಳು. ಆಕೆಯ ತಂದೆ ತೀರಿಹೋದದ್ದು ಸಂಜೆ ತಿಪ್ಪೇಸ್ವಾಮಿಯಿಂದ ತಿಳಿಯಿತು. ಮರುದಿನ ಗೋಡೆಯ ಬಳಿ ಆ ಹೆಂಗಸು ಬರಲಿಲ್ಲ. ಅದರ ಮರುದಿನವೂ ಇಲ್ಲ. ಈಗ ತೆಲುಗು ಬರುತ್ತದೆ, ಸಂತೆಯಲ್ಲಿ ಜಗಳವಾಡುವಷ್ಟು ಬರುತ್ತದೆ. ಆದರೆ ಪರೇಡ್ ಗ್ರೌಂಡ್‌ನಲ್ಲಿ ಇಳಿದು ಬೇರೆ ಗಾಡಿ ಹತ್ತಿ ಕೂತಾಗ ಯಾರೋ ಏನೋ ಕೇಳಿದರು, ಅವಳು ಕೇಳಿಸಿಕೊಳ್ಳದೆಯೇ ಹೌದೆಂದು ತಲೆಯಾಡಿಸಿಬಿಟ್ಟಳು. ಆತ ಅವಳ ಪಕ್ಕದ ಸೀಟಿನಲ್ಲಿ ಒಂದು ದೊಡ್ಡ ಚೀಲ ಇಟ್ಟು ಹೋದ. ಬೇಗಂಪೇಟೆ ಬರುವವರೆಗೂ ಅವಳು ಆ ಚೀಲವನ್ನು ಕಾಯುತ್ತ ಕೂತಿದ್ದಳು. ಇಳಿಯುವ ಹೊತ್ತಿಗೆ ಆತ ಬಂದು ಎತ್ತಿಕೊಂಡ. ನಗು ಬರಬೇಕಿತ್ತು. ಕಣ್ಣಲ್ಲಿ ನೀರು ಬಂತು.

ಆಫೀಸಿನಲ್ಲಿ ಗಡಿಬಿಡಿಯಿತ್ತು. ಗೋಡೆಯ ತುಂಬ ಅದೇ ಬೀಸಣಿಕೆ, ತೆಲುಗಿನಲ್ಲಿ, ಉರ್ದುವಿನಲ್ಲಿ, ಕನ್ನಡದಲ್ಲಿ. ಬಸ್ ನಿಲ್ದಾಣಗಳಲ್ಲಿ ಅಂಟಿಸುವಷ್ಟು ದೊಡ್ಡ ಗಾತ್ರದಲ್ಲಿ. "ಆಂಟಿ, ಸರಿಯಾದ ಟೈಮಿಗೆ ಬಂದ್ರಿ, ನೋಡಿ, ನಾಳೆ ಪ್ರಿಂಟಿಗೆ ಹೋಗುತ್ತೆ" ಎಂದು ನಿರೀಕ್ಷಾ ಕೈ ಹಿಡಿದು ಎಳೆದೊಯ್ದಳು. ಸಂಸ್ಥೆಯ ಮುಖ್ಯಸ್ಥ ಯಶವಂತ ಅಲ್ಲೇ ನಿಂತಿದ್ದ. ಐವತ್ತು ದಾಟಿದ ಗಿಡ್ಡ ಮನುಷ್ಯ. ಕಲಬುರಗಿಯ ಮೂಲದವನು, ಅಜ್ಜನ ಕಾಲದಿಂದ ಹೈದರಾಬಾದಿನವನು. ಇವಳು ಬಂದ ವೇಗಕ್ಕೆ ಏನೋ ಅವಸರವಿದೆ ಎಂದು ಅವನಿಗೆ ಅನ್ನಿಸಿರಬೇಕು, ಕುರ್ಚಿ ಸರಿಸಿದ. ವಿಶಾಲಾಕ್ಷಿ ಕೂರಲಿಲ್ಲ. ಕೂತರೆ ಹೇಳಲಾಗುವುದಿಲ್ಲ. ಗೋಡೆಯ ಮೇಲಿನ ಕನ್ನಡದ ಹಾಳೆಯತ್ತ ಬೆರಳು ಮಾಡಿ, "ಇದು ನನಗೆ ಅರ್ಥ ಆಗಿರಲಿಲ್ಲ. ಆಯ್ತು ಅಂದುಬಿಟ್ಟೆ. ಮೇ ಹೊತ್ತಿಗೆ ಬಿಸಿಲು ಕಮ್ಮಿಯಾಗುತ್ತೆ ಅಂದ್ಕೊಂಡಿದ್ದೆ. ಬಣ್ಣ ತೆಳ್ಳಗಾಗುತ್ತಲ್ಲ ಅದಕ್ಕೆ" ಎಂದಳು. ಧ್ವನಿ ತನ್ನದಲ್ಲದ ಹಾಗೆ ಕೇಳಿಸಿತು. "ನಮ್ಮನೆ ಎದುರಿನ ಕಟ್ಟಡದಲ್ಲಿ ಕೆಲಸ ಮಾಡುವ ಬಸುರಿ ಹುಡುಗಿಯ ಅತ್ತೆಗೂ ಹಾಗೇ ಹೇಳಿದ್ದೀನಿ. ಅವರು ನನ್ನ ಮಾತು ನಂಬಿ ಅವಳನ್ನ ಇಲ್ಲೇ ಇಟ್ಕೊಂಡಿದ್ದಾರೆ."

ನಿರೀಕ್ಷಾಳ ಮುಖ ನೋಡನೋಡುತ್ತಲೇ ಕೆಂಪಾಯಿತು. ಕನ್ನಡದ ಹಾಳೆ ಪೂರ್ತಿ ಅವಳದೇ ಕೈಕೆಲಸ. ಮನೆಯಲ್ಲಿ ಮಾತ್ರ ಆಡುವ ಭಾಷೆಯಲ್ಲಿ ಪದ ಹುಡುಕಿ ಹುಡುಕಿ ಬರೆದಿದ್ದಳು, ಹೆಮ್ಮೆಪಟ್ಟಿದ್ದಳು ಎಂಬುದು ವಿಶಾಲಾಕ್ಷಿಗೆ ಈಗ ಹೊಳೆದು ಮತ್ತಷ್ಟು ಸಂಕಟವಾಯಿತು. ಯಶವಂತ ಮಾತ್ರ ಸಮಾಧಾನದಿಂದ, "ಪರೇಶಾನ್ ಆಗ್ಬ್ಯಾಡ್ರಿ ಅಮ್ಮಾ. ಒಬ್ಬಿಬ್ಬರಿಗೆ ಹಂಗ ಆಗತೈತಿ. ನಾವು ಭಾಳ ಮಂದಿನ್ನ ಕೇಳೀವಿ, ಎಲ್ಲಾರೂ ತಿಳೀತು ಅಂದಾರ" ಎಂದ. ಅಲ್ಲಿಗೆ ಮುಗಿಯಬಹುದಿತ್ತು. ಬಂದ ಕೆಲಸವಾಯಿತು, ಹಗುರವಾಗಿ ಮನೆಗೆ ಹೋಗಬಹುದಿತ್ತು. "ನಾನೂ ತಿಳೀತು ಅಂದಿದ್ದೆನಲ್ಲ" ಎಂದು ವಿಶಾಲಾಕ್ಷಿಯ ಬಾಯಿಂದ ಹೊರಬಿತ್ತು. ಯಶವಂತ ಹುಬ್ಬು ತಿಕ್ಕಿಕೊಂಡು, ಫೋನು ತೆಗೆದು, ಪರೀಕ್ಷೆಗೆ ಬಂದಿದ್ದ ಯಾರದೋ ನಂಬರು ಒತ್ತಿದ. ನಾರಾಯಣಗೂಡದಲ್ಲಿರುವ ಒಬ್ಬ ನಿವೃತ್ತ ಬ್ಯಾಂಕ್ ಮ್ಯಾನೇಜರ್. ತೆಲುಗಿನಲ್ಲಿ ಕುಶಲ ಕೇಳಿ, "ಅವತ್ತು ನೋಡಿದ ಚಿತ್ರದಲ್ಲಿ ಏನಿತ್ತು, ಸ್ವಲ್ಪ ನಿಮ್ಮ ಮಾತಲ್ಲೇ ಹೇಳ್ತೀರಾ ಸಾರ್?" ಎಂದ. ಸ್ಪೀಕರಿನಿಂದ ಆತನ ಗಟ್ಟಿ ಸ್ವರ ಬಂತು: ಅದರಲ್ಲೇನಿದೆ, ಮೊದಲು ಬಿಸಿಲು, ಜೂನ್ ಬರುತ್ತಿದ್ದ ಹಾಗೆ ಮೋಡ ಅಗಲವಾಗಿ ಹರಡಿಕೊಳ್ಳುತ್ತದೆ, ಬಹಳ ಚೆಂದ ಬಿಡಿಸಿದ್ದೀರಿ. ಯಶವಂತ ಥ್ಯಾಂಕ್ಸ್ ಹೇಳಿ ಫೋನಿಟ್ಟ. ಒಂದು ಕ್ಷಣ ಗೋಡೆಯನ್ನು ನೋಡಿದ. ಆಮೇಲೆ ಹೊಟ್ಟೆ ಹಿಡಿದುಕೊಂಡು ನಗತೊಡಗಿದ. ನಗು ನಿಂತ ಮೇಲೆ ಅವನು ಕುರ್ಚಿಯಲ್ಲಿ ಕೂತ ರೀತಿಯಲ್ಲಿ ವಯಸ್ಸು ಕಾಣಿಸಿತು. "ಮೋಡ" ಎಂದ ಮೆಲ್ಲಗೆ. "ನಮಗ ಖಾತ್ರಿ ಇಲ್ಲ ಅಂತ ತೋರಸಾಕ ಬಿಡಿಸಿದ್ದು ಅವರಿಗೆ ಮೋಡ ಆತು."

ಅವನು ಪ್ರೆಸ್ಸಿಗೆ ಫೋನು ಮಾಡಲು ಹೊರಗೆ ಹೋದ. ನಾಳೆಯ ಮುದ್ರಣ ನಿಂತರೆ ಮೇಲಿನವರಿಂದ ಬೈಗುಳ ಕೇಳಬೇಕು ಎಂದು ಹೋಗುತ್ತ ಗೊಣಗಿದ. ನಿರೀಕ್ಷಾ ಗೋಡೆಯ ಕನ್ನಡದ ಹಾಳೆಯನ್ನು ತೆಗೆದು ಮೇಜಿನ ಮೇಲೆ ಬೋರಲು ಹಾಕಿದಳು. ತಾನು ಈ ಹುಡುಗಿಯ ಕೆಲಸವನ್ನು ಹಾಳು ಮಾಡಿದೆ ಎಂದು ವಿಶಾಲಾಕ್ಷಿಗೆ ಅನ್ನಿಸಿತು. ಕ್ಷಮಿಸು ಎನ್ನಲು ಹೊರಟಳು. ಅಷ್ಟರಲ್ಲಿ ಹುಡುಗಿ, ಮುಖ ಎತ್ತದೆಯೇ, "ನಿಮಗೆ ಏನು ಗೊತ್ತಾಗಬೇಕಿತ್ತು ಆಂಟಿ? ಇದರಿಂದ?" ಎಂದು ಕೇಳಿದಳು. ವಿಶಾಲಾಕ್ಷಿಗೆ ಒಂಬತ್ತನೇ ಕ್ಲಾಸಿನಲ್ಲಿ ಗಣಿತದ ಮೇಷ್ಟ್ರು ಬೋರ್ಡಿನ ಮೇಲೆ ಎರಡು ಗೆರೆ ಎಳೆದು, ಬಾ, ಇದರಲ್ಲಿ ಏನು ಕಾಣುತ್ತೆ ಹೇಳು ಎಂದು ಕರೆದದ್ದು, ಚಾಕ್‌ಪೀಸು ಬೆವರಿಗೆ ಒದ್ದೆಯಾದದ್ದು ನೆನಪಾಯಿತು. ಏನು ಕಾಣುತ್ತದೆ ಎಂದು ಕೇಳಿದವರಿದ್ದರು. ನಿನಗೆ ಏನು ಗೊತ್ತಾಗಬೇಕು ಎಂದು ಯಾರೂ ಕೇಳಿರಲಿಲ್ಲ. "ಡಿಗ್ರಿ ಎಲ್ಲ ಬೇಡ" ಎಂದಳು, ತಡವರಿಸುತ್ತ. "ಆ ಹುಡುಗಿ ಮಧ್ಯಾಹ್ನ ಹಲಗೆ ಹತ್ತಲೇಬಾರದು ಅನ್ನುವಂಥ ದಿನ ಇರುತ್ತಲ್ಲ. ಅಂಥವು ಎಷ್ಟು? ಮೇ ತಿಂಗಳಲ್ಲಿ?"

ನಿರೀಕ್ಷಾ ಕಂಪ್ಯೂಟರಿನಲ್ಲಿ ಏನೇನೋ ತೆಗೆದಳು. ಆಮೇಲೆ ಅದನ್ನು ಬಿಟ್ಟು, ಗೋಡೆಯ ಕ್ಯಾಲೆಂಡರಿನಿಂದ ಮೇ ಹಾಳೆಯನ್ನು ಹರಿದು, ಸ್ಕೆಚ್ ಪೆನ್ನಿನಿಂದ ತಾರೀಕಿನ ಮನೆಗಳಿಗೆ ಅಲ್ಲೊಂದು ಇಲ್ಲೊಂದು ಕೆಂಪು ತುಂಬತೊಡಗಿದಳು. ಅರ್ಧಕ್ಕಿಂತ ಹೆಚ್ಚು ಮನೆಗಳು ತುಂಬಿದವು. ವಿಶಾಲಾಕ್ಷಿ ಬಾಗಿ ನೋಡಿದಳು. ಸರಿ ಎಂದುಬಿಡುವ ಆಸೆ ಆಗಲೂ ಬಂತು. "ಹನ್ನೊಂದನೇ ತಾರೀಕು ಅಷ್ಟೊಂದು ಬಿಸಿಲಾ? ಹನ್ನೆರಡಕ್ಕೆ ಇಲ್ವಾ?" ಎಂದು ಕೇಳಿದಳು. ಹುಡುಗಿಯ ಕೈ ನಿಂತಿತು. "ಅಯ್ಯೋ, ಯಾವ ತಾರೀಕು ಅಂತ ಯಾರಿಗೂ ಗೊತ್ತಿಲ್ಲ ಆಂಟಿ, ಎಷ್ಟು ದಿನ ಅಂತ ಮಾತ್ರ." ಹಾಗಾದರೆ ತಾರೀಕು ಯಾಕೆ ಬೇಕು? ನಿರೀಕ್ಷಾ ಬಿಳಿ ಹಾಳೆಯ ಮೇಲೆ ಬರೀ ಮನೆಗಳನ್ನು ಎಳೆದಳು, ಕೆಂಪನ್ನೆಲ್ಲ ಕೆಳಗೆ ಒಟ್ಟಿಗೆ ಸೇರಿಸಿದಳು, ಕೊಡದಲ್ಲಿ ನೀರು ಏರಿದ ಹಾಗೆ. ಖಾತ್ರಿಯಿಲ್ಲದ ದಿನಗಳಿಗೆ ಅರ್ಧ ಬಣ್ಣ ತುಂಬಿದಳು. "ಇವು ಅರ್ಧ ದಿನ ಬಿಸಿಲಾ?" ಎಂದಳು ವಿಶಾಲಾಕ್ಷಿ. ನಿರೀಕ್ಷಾ ಪೆನ್ನು ಕೆಳಗಿಟ್ಟು ಎರಡೂ ಅಂಗೈಯಲ್ಲಿ ಮುಖ ಮುಚ್ಚಿಕೊಂಡಳು. ಅಳುತ್ತಾಳೇನೋ ಎಂದುಕೊಂಡರೆ ನಗುತ್ತಿದ್ದಳು. "ಬಿಡಬೇಡಿ ಆಂಟಿ, ಕೇಳ್ತಾ ಇರಿ" ಎಂದಳು. ಅರ್ಧ ಬಣ್ಣ ಹೋಗಿ ಆ ಮನೆಗಳಲ್ಲಿ ಒಂದೊಂದು ಪ್ರಶ್ನೆಯ ಗುರುತು ಬಂತು. ಪಕ್ಕದಲ್ಲಿ ಇನ್ನೊಂದು ಮೇ ತಿಂಗಳು, ವಿಶಾಲಾಕ್ಷಿ ಈ ಊರಿಗೆ ಬಂದ ಕಾಲದ್ದು, ಮೇಲೆ ಇಸವಿ ಬರೆದದ್ದು; ಅದರಲ್ಲಿ ಕೆಂಪು ತಳದಲ್ಲಷ್ಟೇ ಇತ್ತು. ಎರಡನ್ನೂ ಪಕ್ಕಪಕ್ಕ ಇಟ್ಟಾಗ ವಿಶಾಲಾಕ್ಷಿ ಬೆರಳಿಟ್ಟು ಕೆಂಪು ಮನೆಗಳನ್ನು ಎಣಿಸಿದಳು. ಈ ಸಲ ತಲೆಯಾಡಿಸಲಿಲ್ಲ. ಆ ಕ್ವಾರ್ಟರ್ಸಿನ ಗೋಡೆ, ಗೋಡೆಯ ಮೇಲಿನ ನೆರಳು, ಮೇ ತಿಂಗಳಲ್ಲೂ ಮಧ್ಯಾಹ್ನ ಅಲ್ಲಿ ನಿಂತು ಮಾತಾಡಲಾಗುತ್ತಿದ್ದದ್ದು ಅವಳಿಗೆ ಮೈಯಲ್ಲೇ ನೆನಪಾಯಿತು. "ಇದು ನಿಜವಾ?" ಎಂದಳು. ನಿರೀಕ್ಷಾ ಹೂಂ ಎಂದಳು. ಈಗ ತಿಳಿದದ್ದು ಬೇರೆ ರೀತಿಯಲ್ಲಿ ತಿಳಿದಿತ್ತು. ಭಯವಾಯಿತು, ಆದರೆ ಆ ಭಯದಲ್ಲಿ ಯಾರ ಮುಂದೆಯೂ ಸಣ್ಣವಳಾದ ಭಾವ ಇರಲಿಲ್ಲ.

ಸಂಜೆ ಇಬ್ಬರೂ ಹಿಮಾಯತ್‌ನಗರಕ್ಕೆ ಬಂದಾಗ ಕೆಲಸ ಬಿಟ್ಟಿತ್ತು. ಕಟ್ಟಡದ ಹಿಂಭಾಗದಲ್ಲಿ ತಗಡಿನ ಶೆಡ್ಡುಗಳು. ಇಡೀ ದಿನ ಕಾದ ತಗಡು ಇನ್ನೂ ಕಾವು ಉಗುಳುತ್ತಿತ್ತು. ಬಂಡೆಮ್ಮ ಹೊರಗೆ ಮೂರು ಇಟ್ಟಿಗೆಯ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದಳು. ಗೋಡೆಗೆ ಒರಗಿ ಕೂತ ದಾನೇಶ್ವರಿ ಪಾದಗಳನ್ನು ಬಕೆಟ್ಟಿನ ನೀರಿನಲ್ಲಿ ಇಳಿಬಿಟ್ಟಿದ್ದಳು. ನಿರೀಕ್ಷಾಳನ್ನು ಪರಿಚಯಿಸಿ, ವಿಶಾಲಾಕ್ಷಿ ನಿಂತಲ್ಲೇ ಹೇಳಿದಳು: "ಬಂಡೆಮ್ಮ, ನಾನು ಹೇಳಿದ್ದು ತಪ್ಪು. ಮೇ ಹಗುರ ಆಗಲ್ಲ. ಜಾಸ್ತಿ ಆಗುತ್ತೆ." ಬಂಡೆಮ್ಮನ ಕೈ ಹಿಟ್ಟಿನ ಮೇಲೆ ನಿಂತಿತು.

"ಮತ್ತ ಅವತ್ತ ಯಾಕ ಹಂಗಂದ್ರಿ?"

"ನನಗೆ ತಿಳಿದಿರಲಿಲ್ಲ. ತಿಳಿದವರ ಹಾಗೆ ಹೇಳಿಬಿಟ್ಟೆ."

ಹೋಗಲಿ ಬಿಡ್ರಿ ಎನ್ನುತ್ತಾಳೆಂದು ವಿಶಾಲಾಕ್ಷಿ ಕಾದಳು. ಬಂಡೆಮ್ಮ ಅನ್ನಲಿಲ್ಲ. "ಮೇಸ್ತ್ರಿಗೆ ಮಾತು ಕೊಟ್ಟಾಗೈತಿ ಅಕ್ಕಾರ. ಈಗ ಹೋಗಿ ಮತ್ತ ನಾನ ಅವನ ಬಾಯಾಗ ಬೀಳಬೇಕು" ಎಂದು ಸಿಟ್ಟಿನಿಂದಲೇ ರೊಟ್ಟಿ ಬಡಿದಳು. ವಿಶಾಲಾಕ್ಷಿ, ನಾನೂ ಜೊತೆಗೆ ಬರ್ತೀನಿ, ನನ್ನಿಂದ ಆಯ್ತು ಅಂತ ನಾನೇ ಹೇಳ್ತೀನಿ ಎಂದಳು. ಬಂಡೆಮ್ಮ ಒಂದು ಇಟ್ಟಿಗೆಯನ್ನು ಕಾಲಿನಿಂದ ಅವಳ ಕಡೆಗೆ ತಳ್ಳಿದಳು. ಕೂರಲು. ವಿಶಾಲಾಕ್ಷಿ ಕೂತಳು.

ನಿರೀಕ್ಷಾ ಚಾಚಿದ ಮನೆಗಳ ಹಾಳೆಯನ್ನು ತೆಗೆದುಕೊಂಡದ್ದು ದಾನೇಶ್ವರಿ. ಒದ್ದೆ ಕೈಯನ್ನು ಅಂಗಿಗೆ ಒರೆಸಿಕೊಂಡು, ತೊಡೆಯ ಮೇಲೆ ಇಟ್ಟುಕೊಂಡು ನೋಡಿದಳು. ಯಾರೂ ಏನೂ ವಿವರಿಸಲಿಲ್ಲ. ನಿರೀಕ್ಷಾ ಬಾಯಿ ತೆರೆದಾಗ ವಿಶಾಲಾಕ್ಷಿ ಅವಳ ಮೊಣಕೈ ಮುಟ್ಟಿ ತಡೆದಳು. ಸ್ವಲ್ಪ ಹೊತ್ತಾದ ಮೇಲೆ, "ಕೆಂಪು ಮನಿ ಅಂದ್ರ ಹೊರಗ ದುಡೀಬಾರದ ದಿನಾ ಏನ್ರಿ?" ಎಂದಳು ದಾನೇಶ್ವರಿ. "ಇವು ತಿಳೀದು. ಆದ್ರೂ ಆದಾವು, ಬಿಟ್ರೂ ಬಿಟ್ಟಾವು. ಇದು ಹಿಂದಕಿನ ಕಾಲದ್ದು." ನಿರೀಕ್ಷಾ ಉಸಿರು ಬಿಟ್ಟದ್ದು ವಿಶಾಲಾಕ್ಷಿಗೆ ಕೇಳಿಸಿತು. ಆದರೆ ದಾನೇಶ್ವರಿ ಅಲ್ಲಿಗೆ ನಿಲ್ಲಿಸಲಿಲ್ಲ. "ಇದು ಇಲ್ಲೀದಲ್ಲೇನ್ರಿ? ನಮ್ಮ ತವರು ಚಿತ್ತಾಪುರದ ಕಡೀಗೈತಿ. ಅಲ್ಲೀದು?" ನಿರೀಕ್ಷಾ ಲ್ಯಾಪ್‌ಟಾಪ್ ತೆರೆದು, ಒಲೆಯ ಬೆಳಕಿನಲ್ಲಿ ಹುಡುಕಿ, ಇನ್ನೊಂದು ಹಾಳೆಯ ಮೇಲೆ ಮನೆಗಳನ್ನು ತುಂಬಿದಳು. ಅಲ್ಲಿ ಕೆಂಪು ಇಲ್ಲಿಗಿಂತ ಇನ್ನೂ ಮೇಲೇರಿತು. ಒಳ್ಳೆಯದನ್ನು ಮಾಡಲು ಬಂದು ಇದನ್ನು ತೋರಿಸಿದೆವಲ್ಲ ಎಂದು ವಿಶಾಲಾಕ್ಷಿ ಕುಗ್ಗಿದಳು. "ಅಲ್ಲಿ ಬಿಸಲು ಹೆಚ್ಚಂತ ನಮಗ ಗೊತ್ತಿಲ್ಲೇನು" ಎಂದಳು ಬಂಡೆಮ್ಮ, ರೊಟ್ಟಿ ತಿರುವುತ್ತ. "ಅಲ್ಲಿ ಮ್ಯಾಲ ಮಣ್ಣಿನ ಮಾಳಗಿ ಐತಿ, ಕೆಳಗ ಹಾಸಗಲ್ಲು ಐತಿ, ಕುಂದ್ರಸಿ ಉಣಸಾಕ ತಾಯಿ ಅದಾಳ. ಇಲ್ಲಿ ಈ ತಗಡು." ತಗಡಿನ ಲೆಕ್ಕ ಹಾಳೆಯಲ್ಲಿ ಇರಲಿಲ್ಲ. "ಇದು ನಾವು ಹಾಕಿಲ್ಲ" ಎಂದಳು ನಿರೀಕ್ಷಾ ಮೆಲ್ಲಗೆ, ಅಷ್ಟನ್ನೇ ಎರಡು ಸಲ. ಬಂಡೆಮ್ಮ ಸೊಸೆಯ ಮುಖ ನೋಡಿದಳು, ಸೊಸೆ ಅತ್ತೆಯ ಮುಖ ನೋಡಿದಳು. "ಯುಗಾದಿ ಮರುದಿನಾನ ಬಸು ಬಿಟ್ಟು ಬರ್ತಾನ. ಅಲ್ಲೀತನಾ ಮಧ್ಯಾಹ್ನ ನೆರಳಾಗ ಮರಳು ಸೋಸೂ ಜಾಳಿಗಿ ಹಿಡಿ, ಪುಟ್ಟಿ ಬ್ಯಾಡ" ಎಂದು ಬಂಡೆಮ್ಮ ತೀರ್ಮಾನ ಹೇಳಿದಳು. ಆಮೇಲೆ ವಿಶಾಲಾಕ್ಷಿಯ ಕಡೆ ತಿರುಗಿ, "ಮೇಸ್ತ್ರಿ ಮುಂದ ನಾಳಿಗೆ ಬರ್ರಿ ಮತ್ತ. ಅಂದೀರಿ" ಎಂದಳು. ಬರ್ತೀನಿ ಎಂದಳು ವಿಶಾಲಾಕ್ಷಿ. ಮೊದಲ ರೊಟ್ಟಿಯನ್ನು ಬಂಡೆಮ್ಮ ಅವಳ ಕೈಗೇ ಇಟ್ಟಳು. ಬೆಳಿಗ್ಗೆಯಿಂದ ಏನೂ ತಿಂದಿರಲಿಲ್ಲ ಎಂಬುದು ಬಿಸಿ ರೊಟ್ಟಿ ಬೆರಳು ಸುಟ್ಟಾಗ ಗೊತ್ತಾಯಿತು.

ಹೊರಡಲು ಎದ್ದಾಗ ದಾನೇಶ್ವರಿ ನಿರೀಕ್ಷಾಳ ಸೆರಗು ಹಿಡಿಯುವ ಹಾಗೆ ದುಪಟ್ಟದ ತುದಿ ಹಿಡಿದಳು. ಹೊಟ್ಟೆಯ ಮೇಲೆ ಅಂಗೈ ಇಟ್ಟುಕೊಂಡು, "ಈ ಕೂಸು ನನ್ನಷ್ಟಾದಾಗಿನ ಹಾಳಿ ಐತೇನ್ರಿ?" ಎಂದು ಕೇಳಿದಳು. ನಿರೀಕ್ಷಾ ಹಿಂಜರಿದಳು. ಅಷ್ಟು ಮುಂದಿನ ಕಾಲದ ಚಿತ್ರಗಳಿಗೆ ಆಫೀಸಿನಲ್ಲಿ ಅಂಕಿಗಳ ಹೆಸರುಗಳಿದ್ದವು, ಹೊರಗೆ ಯಾರಿಗೂ ತೋರಿಸಿರಲಿಲ್ಲ. ವಿಶಾಲಾಕ್ಷಿಯನ್ನು ನೋಡಿದಳು. ತೋರಿಸು ಎಂದಳು ವಿಶಾಲಾಕ್ಷಿ. ಮತ್ತೆ ಕೂತು, ಬಹಳ ಹೊತ್ತು ತೆಗೆದುಕೊಂಡು, ನಿರೀಕ್ಷಾ ಹಾಳೆಯ ಮೇಲೆ ಎರಡು ಮೇ ತಿಂಗಳನ್ನು ಬಿಡಿಸಿದಳು. ಒಂದರಲ್ಲಿ ಕೆಂಪು ಹೆಚ್ಚು ಕಡಿಮೆ ಕಂಠಮಟ್ಟ. ಇನ್ನೊಂದರಲ್ಲಿ ಈಗಿನದಕ್ಕಿಂತ ಸ್ವಲ್ಪ ಮೇಲೆ ಬಂದು ನಿಂತಿತ್ತು; ಮೇಲೆ ಬಿಳಿ ಮನೆಗಳು ಸಾಲಾಗಿ ಉಳಿದಿದ್ದವು.

"ಎರಡ್ಯಾಕ್ರಿ? ಒಂದು ಖರೇ, ಒಂದು ಸುಳ್ಳಾ?"

"ಎರಡರಲ್ಲಿ ಯಾವುದಾದ್ರೂ ನಿಜ ಆಗಬಹುದು ಅಕ್ಕಾ. ಈ ಕೆಂಪು ಜಾಸ್ತಿ ಇರೋದು, ನಾವೆಲ್ಲ ಈಗ ಹೇಗಿದ್ದೀವೋ ಹಾಗೇ ಇದ್ರೆ. ಹೊಗೆ, ಎಣ್ಣೆ, ಕಲ್ಲಿದ್ದಲು ಎಲ್ಲ ಹೀಗೇ ಸುಡ್ತಾ ಹೋದ್ರೆ. ಇನ್ನೊಂದು, ಬೇಗ ಬದಲಾದ್ರೆ. ದೊಡ್ಡ ದೊಡ್ಡವರು ಬದಲಾಗಬೇಕು."

ದಾನೇಶ್ವರಿ ಎರಡನ್ನೂ ನೋಡಿದಳು. ಪಾತ್ರೆ ಕೊಳ್ಳುವಾಗ ಬೆರಳಿನಿಂದ ತಟ್ಟಿ ನೋಡುವ ಹಾಗೆ ಒಂದಾದ ಮೇಲೆ ಒಂದರ ಮೇಲೆ ಬೆರಳಾಡಿಸಿದಳು. "ಹಂಗಾರ ಇದಿನ್ನಾ ಆಗಿಲ್ಲ ಅನ್ರಿ" ಎಂದಳು.

ವಿಶಾಲಾಕ್ಷಿ ಬೆಚ್ಚಿದಳು. ಬೆಳಿಗ್ಗೆಯಿಂದ, ಅಲ್ಲ, ಆ ಹಾಳೆಯನ್ನು ಮೊದಲು ಕಂಡ ದಿನದಿಂದ, ಚಿತ್ರ ಎಂದರೆ ಎಲ್ಲೋ ಯಾರೋ ಬರೆದು ಮುಗಿಸಿದ್ದು, ನಾವು ಓದಿ ಒಪ್ಪಬೇಕಾದದ್ದು ಎಂದೇ ಅವಳು ತಿಳಿದಿದ್ದಳು. ಆಗಿಲ್ಲ. ಎಷ್ಟು ಸಣ್ಣ ಮಾತು. ನಿರೀಕ್ಷಾಳಿಗೂ ಏನೋ ಆದ ಹಾಗಿತ್ತು. ಪೆನ್ನಿನ ಮುಚ್ಚಳ ಹಾಕಲು ಹೋಗಿ ತಪ್ಪಿ, ಹೆಬ್ಬೆರಳಿಗೆ ಕೆಂಪು ಬಳಿದುಕೊಂಡಳು. "ಆಗಿಲ್ಲ" ಎಂದಳು.

ಬಿಳಿ ಮನೆಗಳು ಉಳಿದಿದ್ದ ಚಿತ್ರ ಕಾಣುವ ಹಾಗೆ ಹಾಳೆಯನ್ನು ಪಕ್ಕಕ್ಕಿಟ್ಟುಕೊಂಡು ದಾನೇಶ್ವರಿ ನೆಲದಿಂದ ಒಂದು ಇಟ್ಟಿಗೆ ಚೂರು ಆರಿಸಿದಳು. ಬಕೆಟ್ಟಿನಿಂದ ಕಾಲು ತೆಗೆದು, ಹೊಟ್ಟೆಯನ್ನು ಸಂಭಾಳಿಸಿಕೊಂಡು ಮುಂದಕ್ಕೆ ಬಾಗಿ, ಆ ದಿನವೇ ಗಟ್ಟಿಯಾದ ಸಿಮೆಂಟಿನ ಕಟ್ಟೆಯ ಮೇಲೆ ಮನೆಗಳನ್ನು ಎಳೆಯತೊಡಗಿದಳು. ಒಂದು ಸಾಲು, ಇನ್ನೊಂದು ಸಾಲು, ಗೆರೆಗಳು ಸೊಟ್ಟ. ಕತ್ತಲಾಗುತ್ತಿತ್ತು, ವಿಶಾಲಾಕ್ಷಿ ಪಕ್ಕಕ್ಕೆ ಕೂತು ಫೋನಿನ ದೀಪ ಹಿಡಿದಳು. ಕೆಳಗಿನ ಮನೆಗಳನ್ನು ದಾನೇಶ್ವರಿ ಇಟ್ಟಿಗೆಯಿಂದ ತಿಕ್ಕಿ ತಿಕ್ಕಿ ಕೆಂಪು ಮಾಡಿದಳು. ಬಿಳಿ ಮನೆಗಳು ಶುರುವಾಗುವಲ್ಲಿಗೆ ಬಂದು ನಿಂತಳು.

"ಸಾಕು. ಉಳದಾವು ಹಂಗ ಇರ್ಲಿ" ಎಂದು ಚೂರನ್ನು ಎಸೆದು ಕೈ ಕೊಡವಿಕೊಂಡಳು.